ಆನೆ ಹೊಡೆದವರು ಯಾರು?

16 ನವೆಂಬರ್ 2014, ಭಾನುವಾರ
ತೀರ್ಥಹಳ್ಳಿ

ಅಮೆರಿಕದಿಂದ ಬಂದಾಗಿನಿಂದ ಎಲ್ಲರದ್ದೂ ಅದೇ ಪ್ರಶ್ನೆ. ಚಳಿ ಇತ್ತಾ, ಊಟಕ್ಕೇನು ಮಾಡಿದೆ. ಇವತ್ತು ಸಂಜೆ ದೊಡ್ಡಪ್ಪನ ಮನೆಯಲ್ಲಿ ಅಡಿಕೆ ಸುಲಿಯೋರ ಪಕ್ಕ ಕೂತು ಮೊಬೈಲ್‌ನಲ್ಲಿ ಫೋಟೋ ತೋರಿಸುತ್ತಿದ್ದೆ. ವಾಷಿಂಗ್ಟನ್ನಿನ ನ್ಯಾಷನಲ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಆನೆ ಬಂತು. ಬಾಗಿಲು ದಾಟಿದರೆ ಎದುರಿಗೇ ನಿಂತಿರುತ್ತದೆ, 13 ಅಡಿ ಎತ್ತರ. ಸಕ್ರೆಬೈಲಿನ ಆನೆಗಳೆಲ್ಲ ಅದರ ಮುಂದೆ ಮರಿಗಳು.

ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. "ಯಾರು ಹೊಡೆದಿದ್ದು ಮಾರಾಯ?"

ಇದನ್ನು ಯಾರೂ ಕೇಳಿರಲಿಲ್ಲ. ಹಂಗೇರಿಯ ಬೇಟೆಗಾರ ಫೆನಿಕೋವಿ, 1955ರಲ್ಲಿ, ಆಫ್ರಿಕಾದ ಅಂಗೋಲಾದಲ್ಲಿ ಅಂದೆ. ಈಗ ಉಳಿದಿರೋದು ಅಚ್ಚಿನ ಮೇಲೆ ಎಳೆದ ಚರ್ಮ ಅಷ್ಟೇ ಅಂದೆ. "ಹೊಡೆದೋನ ಹೆಸರೂ ಇಟ್ಕೊಂಡಿದ್ದಾರಲ್ಲ" ಅಂದರು. ಮೆಚ್ಚಿ ಹೇಳಿದರೋ, ಹಂಗಿಸಿದರೋ ತಿಳಿಯಲಿಲ್ಲ.

ಹೋಪ್ ವಜ್ರದ ಹತ್ತಿರ ಜನ ಅಂದ್ರೆ ಜನ. 45.52 ಕ್ಯಾರೆಟ್. 1958ರಲ್ಲಿ ಅದನ್ನು ದಾನ ಕೊಟ್ಟ ವ್ಯಾಪಾರಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದ್ದನಂತೆ! ಕೊಲ್ಲೂರು ಗಣಿಯದ್ದಿರಬೇಕು ಅಂತಾರೆ ಅನ್ನುತ್ತಿದ್ದಂತೆ ದೊಡ್ಡಮ್ಮ ಕೈ ಮುಗಿದರು. ಆ ಕೊಲ್ಲೂರು ಕೃಷ್ಣಾ ನದಿ ದಡದ್ದು ದೊಡ್ಡಮ್ಮ ಅಂದರೂ ಮುಗಿದ ಕೈ ಇಳಿಸಲಿಲ್ಲ.

ಅಕ್ಕನ ಮಗನಿಗೆ ಮಾತ್ರ ಅಲ್ಲಿ ಸಿಟ್ಟು. ಡೈನೋಸಾರ್ ಹಾಲ್ ಏಪ್ರಿಲ್‌ನಲ್ಲೇ ಮುಚ್ಚಿದ್ದಾರೆ, ತೆರೆಯೋದು 2019ಕ್ಕಂತೆ. ಪಾಪ, ವಾಪಸ್ ಮನೆಗೆ ಹೋಗೋವರೆಗೂ ಮುಖ ಊದಿಸಿಕೊಂಡಿದ್ದ.

ನನಗೆ ತೋರಿಸಬೇಕಿದ್ದದ್ದು ಬೇರೆ ಫೋಟೋ. ಮಾರ್ಥಾ. ಪ್ಯಾಸೆಂಜರ್ ಪಿಜನ್ ಅನ್ನೋ ಪಾರಿವಾಳಗಳಲ್ಲಿ ಕೊನೆಯದು. ಸಿನ್ಸಿನಾಟಿ ಮೃಗಾಲಯದಲ್ಲಿ 1914ರ ಸೆಪ್ಟೆಂಬರ್ 1ರಂದು ಸತ್ತಿತು. ಮಂಜುಗಡ್ಡೆಯಲ್ಲಿ ಹುದುಗಿಸಿ ರೈಲಿನಲ್ಲಿ ವಾಷಿಂಗ್ಟನ್‌ಗೆ ಕಳಿಸಿದರು. ನೂರು ವರ್ಷ ಆಯ್ತಲ್ಲ, ಅದಕ್ಕೇ ಈ ವರ್ಷ ಹೊರಗೆ ಇಟ್ಟಿದ್ದಾರೆ. ಒಂದು ಕಾಲಕ್ಕೆ ಈ ಹಕ್ಕಿ ನೂರಾರು ಕೋಟಿ ಇದ್ದವು. ಕಾಡು ಕಡಿದರು, ಗೂಡು ಕಟ್ಟಿದಲ್ಲಿಗೇ ಹೋಗಿ ಹೊಡೆದರು. ಎಲ್ಲಿ ಇಳಿದಿವೆ ಅನ್ನೋ ಸುದ್ದಿ ತಂತಿಯಲ್ಲಿ ಹೋಗುತ್ತಿತ್ತು, ಮಾಂಸ ರೈಲಿನಲ್ಲಿ ಪೇಟೆಗೆ.

"ಕೊನೇದು ಅಂತ ಗೊತ್ತಾಗಿದ್ದು ಹ್ಯಾಂಗೆ?" ದೊಡ್ಡಪ್ಪ ಬಿಡಲಿಲ್ಲ.

ಜೊತೆಗಿದ್ದ ಗಂಡು 1910ರಲ್ಲೇ ಹೋಗಿತ್ತು. ಗೂಡು ತೋರಿಸಿದರೆ ಬಹುಮಾನ ಅಂತ ಸಾರಿದರು, ಯಾರಿಗೂ ಸಿಗಲಿಲ್ಲ ಅಂದೆ.

ದೊಡ್ಡಪ್ಪ ಸ್ವಲ್ಪ ಹೊತ್ತು ಅಡಿಕೆ ಸಿಪ್ಪೆ ಸರಿಸುತ್ತಾ ಕೂತರು. "ನಮ್ಮ ಗೋಣಿ ಮರಕ್ಕೆ ಹಸಿರು ಪಾರಿವಾಳ ಬರ್ತಿದ್ವು. ಹಣ್ಣಿನ ಕಾಲಕ್ಕೆ ಎಲೆ ಯಾವುದು ಹಕ್ಕಿ ಯಾವುದು ಗೊತ್ತಾಗ್ತಿರಲಿಲ್ಲ. ಚರೆ ತುಂಬಿ ಒಂದು ಈಡು ಬಿಟ್ರೆ ಏಳೆಂಟು ಬೀಳ್ತಿದ್ವು. ಲೆಕ್ಕ ಯಾರು ಇಟ್ಟಾರು?"

"ಮಸಾಲೆ ಅರೆದು ಅರೆದು ನನ್ನ ಕೈ ಸೋತಿತ್ತು" ಅಂತ ಒಳಗಿನಿಂದ ದೊಡ್ಡಮ್ಮ. ಎಲ್ಲರೂ ನಕ್ಕೆವು. ದೊಡ್ಡಪ್ಪ ನಗಲಿಲ್ಲ. "ಈಗ ಬರ್ತವಾ?" ಅಂತ ನನ್ನನ್ನೇ ಕೇಳಿದರು.

ಬರ್ತವೆ ಅಂದೆ. ಹೋದ ವರ್ಷ ನೋಡಿದ್ದೇನೆ.

"ಎಷ್ಟು?"

ಅಷ್ಟರಲ್ಲಿ ಕರೆಂಟ್ ಹೋಯ್ತು. ಯುಪಿಎಸ್ ಕೆಟ್ಟು ಯಾವ ಕಾಲವಾಯ್ತೋ, ರಿಪೇರಿಯವನು ನಾಳೆ ಬರ್ತೀನಿ ಅಂತಲೇ ಇದ್ದಾನೆ. ಮನೆಗೆ ಬಂದು ಉಂಡು ಇದನ್ನು ಬರೆಯುತ್ತಿದ್ದೇನೆ. ನಾನು ನೋಡಿದ್ದು ಮೂರೋ ನಾಲ್ಕೋ. ಎಲೆ ಮರೆಯಲ್ಲಿ ಇನ್ನೂ ಇದ್ದಿರಬಹುದು, ಅವು ಕಾಣೋದೇ ಕಷ್ಟ ಅಲ್ವಾ, ನಾಳೆ ದೊಡ್ಡಪ್ಪನಿಗೆ ಹತ್ತು ಅಂತ ಹೇಳಿಬಿಟ್ಟರೆ