ಟೊಮೆಟೊ ಬೆಲೆ ಹೊಯ್ದಾಡುವುದೇಕೆ: ಒಂದು ಪುಟ್ಟ ಮಾದರಿಯ ಲೆಕ್ಕ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ತೂಕದ ಒಂದು ಬಾಕ್ಸ್ ಟೊಮೆಟೊ 2,000 ರೂಪಾಯಿಗೂ ಮೇಲೆ ಹರಾಜಾಯಿತು. ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿ, ಬಿಡಿಸುವ ಕೂಲಿಯೂ ಹುಟ್ಟದೆ ಬೆಳೆಗಾರರು ಹಣ್ಣನ್ನು ರಸ್ತೆ ಬದಿಗೆ ಸುರಿದ ಸುದ್ದಿಗಳು ಬೇರೆ ಬೇರೆ ರಾಜ್ಯಗಳಿಂದ ಬಂದವು. ಬೆಲೆ ಏರಿದಾಗ ಮಳೆ, ಬಿಸಿಲು, ಬಿಳಿ ನೊಣ, ಎಲೆ ಮುಟುರು ರೋಗ ಇವುಗಳನ್ನು ಕಾರಣವೆಂದು ಹೇಳಿದೆವು. ಇಳಿದಾಗ ದಲ್ಲಾಳಿಗಳನ್ನೂ ಸರ್ಕಾರವನ್ನೂ ದೂರಿದೆವು. ಈ ಕಾರಣಗಳಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಏರಿಕೆಗೆ ಒಂದು ಕಥೆ, ಇಳಿಕೆಗೆ ಇನ್ನೊಂದು ಕಥೆ ಎಂದು ಬಿಡಿಬಿಡಿಯಾಗಿ ಹೇಳುವುದರಿಂದ ಮುಖ್ಯವಾದ ಪ್ರಶ್ನೆಯೇ ಕೈತಪ್ಪುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಆ ಏರಿಕೆಯೇ ಈ ಇಳಿಕೆಯನ್ನು ಹೆತ್ತಿರಬಹುದೇ?

ಇಂಥ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳುವ ದಾರಿಯನ್ನು ತೋರಿಸಿದವರಲ್ಲಿ ಜೇ ಫಾರೆಸ್ಟರ್ ಪ್ರಮುಖರು. ವಿದ್ಯುತ್ ಎಂಜಿನಿಯರ್ ಆಗಿ ಕಂಪ್ಯೂಟರುಗಳ ನಿರ್ಮಾಣದಲ್ಲಿ ಹೆಸರು ಮಾಡಿದ್ದ ಅವರು 1956ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಶಾಲೆಗೆ ಬಂದರು. ಅಮೆರಿಕದ ಕೆಂಟಕಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಗೃಹೋಪಕರಣ ಕಾರ್ಖಾನೆಗಳಲ್ಲಿ ಕೆಲವು ಕಾಲ ಮೂರು ನಾಲ್ಕು ಪಾಳಿಗಳಲ್ಲಿ ಕೆಲಸ ನಡೆದರೆ, ಮತ್ತೆ ಕೆಲವು ವರ್ಷಕ್ಕೆ ಅರ್ಧದಷ್ಟು ಕಾರ್ಮಿಕರನ್ನು ಮನೆಗೆ ಕಳುಹಿಸಬೇಕಾಗುತ್ತಿತ್ತು. ಮಾರುಕಟ್ಟೆಯ ಏರಿಳಿತವೇ ಕಾರಣ ಎಂದು ಎಲ್ಲರೂ ನಂಬಿದ್ದರು. ಫಾರೆಸ್ಟರ್ ನೋಟ್‌ಬುಕ್ಕಿನ ಹಾಳೆಯಲ್ಲಿ ದಾಸ್ತಾನು, ಕಾರ್ಮಿಕರು, ಆರ್ಡರುಗಳು ಎಂದು ಅಂಕಣಗಳನ್ನು ಹಾಕಿಕೊಂಡು, ಅಲ್ಲಿನ ಅಧಿಕಾರಿಗಳು ಯಾವ ಸ್ಥಿತಿಯಲ್ಲಿ ಹೇಗೆ ನಿರ್ಧರಿಸುತ್ತೇವೆಂದು ಹೇಳಿದ್ದರೋ ಅದೇ ನಿಯಮಗಳ ಪ್ರಕಾರ ವಾರದಿಂದ ವಾರಕ್ಕೆ ಕೈಯಲ್ಲೇ ಲೆಕ್ಕ ಮಾಡುತ್ತಾ ಹೋದರು. ಹೊರಗಿನಿಂದ ಬರುವ ಆರ್ಡರುಗಳು ಒಂದೇ ಸಮನಾಗಿದ್ದರೂ ಒಳಗಿನ ನಿಯಮಗಳೂ ವಿಳಂಬಗಳೂ ಸೇರಿ ಅಂಥ ಏರಿಳಿತವನ್ನು ಉಂಟುಮಾಡಬಲ್ಲವೆಂದು ಆ ಹಾಳೆ ತೋರಿಸಿತು. ಸಿಸ್ಟಮ್ ಡೈನಾಮಿಕ್ಸ್ ಎಂಬ ಶಾಸ್ತ್ರ ಬೆಳೆದದ್ದು ಆ ಲೆಕ್ಕದಿಂದ. ಅದಕ್ಕೆ ದೊಡ್ಡ ಯಂತ್ರವೇನೂ ಬೇಕಾಗಿರಲಿಲ್ಲ ಎಂಬುದು ನನ್ನಂಥವರಿಗೆ ಧೈರ್ಯ ಕೊಡುವ ಸಂಗತಿ.

ಮುಳಬಾಗಿಲು ಕಡೆ ನನ್ನ ಚಿಕ್ಕಮ್ಮನ ಮಗ ಟೊಮೆಟೊ ಬೆಳೆಯುತ್ತಾನೆ. ಅವನನ್ನು ಕೇಳಿ ತಿಳಿದುಕೊಂಡದ್ದನ್ನೇ ಆಧಾರವಾಗಿಟ್ಟುಕೊಂಡು ಎಕ್ಸೆಲ್‌ನಲ್ಲಿ ಒಂದು ಮಾದರಿಯನ್ನು ಮಾಡಿದೆ. ನರ್ಸರಿಯಲ್ಲಿ ಸಸಿ ಬೆಳೆಯಲು 25ರಿಂದ 30 ದಿನ, ನಾಟಿ ಮಾಡಿದ ಮೇಲೆ ಮೊದಲ ಹಣ್ಣು ಕೈಗೆ ಬರಲು ಇನ್ನೂ 60ರಿಂದ 70 ದಿನ ಬೇಕು. ಅಂದರೆ ಟೊಮೆಟೊ ಹಾಕಬೇಕೆಂದು ತೀರ್ಮಾನಿಸಿದ ದಿನಕ್ಕೂ ಹಣ್ಣು ಮಂಡಿಗೆ ಹೋಗುವ ದಿನಕ್ಕೂ ಸುಮಾರು ಮೂರು ತಿಂಗಳ ಅಂತರ. ಹಾಗಾಗಿ ಮಾದರಿಯಲ್ಲಿ ಒಂದು ಹೆಜ್ಜೆಯೆಂದರೆ ಮೂರು ತಿಂಗಳು ಎಂದು ಇಟ್ಟುಕೊಂಡೆ. ಮಾಮೂಲಿ ಪೂರೈಕೆಯನ್ನು 100 ಎಂದು ಎಣಿಸಿದೆ, ಆಗ ಬಾಕ್ಸಿಗೆ 400 ರೂಪಾಯಿ. ಪೂರೈಕೆ ಒಂದು ಕಡಿಮೆಯಾದರೆ ಬೆಲೆ 16 ರೂಪಾಯಿ ಏರುತ್ತದೆ, ಒಂದು ಹೆಚ್ಚಾದರೆ ಅಷ್ಟೇ ಇಳಿಯುತ್ತದೆ. ಬೆಳೆಗಾರರು ಇಂದಿನ ಬೆಲೆಯನ್ನು ನೋಡಿ ನಾಟಿಯನ್ನು ನಿರ್ಧರಿಸುತ್ತಾರೆ: ಬೆಲೆ 400 ಇದ್ದರೆ ನಾಟಿಯೂ 100, 400ಕ್ಕಿಂತ ಮೇಲಿನ ಪ್ರತಿ 20 ರೂಪಾಯಿಗೆ ನಾಟಿ ಒಂದು ಹೆಚ್ಚು, ಕೆಳಗಿನ ಪ್ರತಿ 20 ರೂಪಾಯಿಗೆ ಒಂದು ಕಡಿಮೆ. ಈ ಅಂಕಿಗಳು ಮಾರುಕಟ್ಟೆಯಲ್ಲಿ ಅಳೆದವಲ್ಲ, ಲೆಕ್ಕಕ್ಕೆಂದು ನಾನು ಆರಿಸಿಕೊಂಡವು. ನಾನು ನೋಡಬೇಕೆಂದಿದ್ದುದು ವರ್ತನೆಯ ಆಕಾರವನ್ನೇ ಹೊರತು ನಾಳೆಯ ಬೆಲೆಯನ್ನಲ್ಲ.

ಇಷ್ಟು ಇಟ್ಟುಕೊಂಡು, ಒಂದೇ ಒಂದು ಸಲ ರೋಗ ಬಂದು ಪೂರೈಕೆ 80ಕ್ಕೆ ಕುಸಿಯಿತು ಎಂದು ಬರೆದೆ. ಆಮೇಲೆ ಮಳೆಯಿಲ್ಲ, ರೋಗವಿಲ್ಲ, ದಲ್ಲಾಳಿಯ ಆಟವೂ ಇಲ್ಲ. ಬೆಲೆ ಮೊದಲು 720 ಆಯಿತು. ಅದನ್ನು ನೋಡಿ ನಾಟಿ ಮಾಡಿದ್ದು ಮೂರು ತಿಂಗಳ ಬಳಿಕ 116 ಆಗಿ ಬಂದು ಬೆಲೆಯನ್ನು 144ಕ್ಕೆ ತಂದಿತು. ಆ 144ನ್ನು ನೋಡಿ ಕೈಸುಟ್ಟುಕೊಂಡವರು ಹಿಂದೆ ಸರಿದದ್ದರಿಂದ ಮುಂದಿನ ಬೆಲೆ 605, ಅದರ ಮುಂದೆ 236, ಮತ್ತೆ 531. ಒಂದು ಆಘಾತಕ್ಕೆ ವರ್ಷ ದಾಟಿದರೂ ಮಾರುಕಟ್ಟೆ ಸಮಸ್ಥಿತಿಗೆ ಮರಳಲಿಲ್ಲ. ಕೊರತೆಗೆ ಬೆಲೆ ಇನ್ನಷ್ಟು ತೀವ್ರವಾಗಿ ಸ್ಪಂದಿಸುವಂತೆ 16ರ ಬದಲು 24 ಎಂದು ಬರೆದರೆ ಏರಿಳಿತ ತಗ್ಗುವ ಬದಲು ಹಿಗ್ಗಿತು, ಎರಡನೆಯ ಹೆಜ್ಜೆಯಲ್ಲೇ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು. ನಿಜ ಜೀವನದಲ್ಲಿ ಬೆಲೆ ಸೊನ್ನೆಗಿಂತ ಕೆಳಗಿಳಿಯದು. ಬಿಡಿಸುವ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಇವಿಷ್ಟೂ ಹುಟ್ಟದಾಗ ರೈತ ಹಣ್ಣನ್ನು ಗಿಡದಲ್ಲೇ ಬಿಡುತ್ತಾನೆ. ಮಾದರಿ ತೋರಿಸಿದ ಆ ಅಸಂಭವ ಅಂಕಿಯ ನಿಜವಾದ ರೂಪ, ಹಣ್ಣು ಕೆಂಪಾಗಿ ಕೊಳೆಯುತ್ತಾ ನಿಂತ ಹೊಲ. ಸಾರಿಗೂ ಗೊಜ್ಜಿಗೂ ಟೊಮೆಟೊ ಬೇಕೇ ಬೇಕು ಎನ್ನುವ ಅಡುಗೆಮನೆಗಳಿರುವ ದೇಶದಲ್ಲಿ ಬೆಲೆ ಕೊರತೆಗೆ ತೀವ್ರವಾಗಿ ಸ್ಪಂದಿಸುವುದು ಸಹಜವೇ.

ಇದೇನೂ ಹೊಸ ಶೋಧವಲ್ಲ. ಜರ್ಮನಿಯ ಹಂದಿ ಸಾಕಣೆಯಲ್ಲಿ ಇಂಥ ಚಕ್ರವನ್ನು ಕೃಷಿ ಅರ್ಥಶಾಸ್ತ್ರಜ್ಞ ಆರ್ಥರ್ ಹನಾವ್ 1920ರ ದಶಕದಲ್ಲೇ ಗುರುತಿಸಿದ್ದರು. ಅಮೆರಿಕದ ಅರ್ಥಶಾಸ್ತ್ರಜ್ಞ ಮೊರ್ಡಕೈ ಎಜೆಕಿಯಲ್ 1938ರಲ್ಲಿ ಅದರ ಗಣಿತವನ್ನು ವಿವರವಾಗಿ ಬರೆದರು. ಆದರೆ ಪುಸ್ತಕದಲ್ಲಿ ಓದುವುದಕ್ಕೂ ಅಂಕಿಗಳನ್ನು ನಾವೇ ಕೈಯಾರೆ ಬದಲಿಸಿ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಬದಲಿಸುತ್ತಾ ಹೋದಂತೆ, ಬೆಲೆಯ ಅಂಕಣದ ಪಕ್ಕದಲ್ಲಿ ಇನ್ನೊಂದು ಅಂಕಣವಿದೆ, ಅದನ್ನು ಯಾರೂ ನೋಡುತ್ತಿಲ್ಲ ಎಂಬುದು ನನಗೆ ಸ್ಪಷ್ಟವಾಯಿತು. ಈಗಾಗಲೇ ನಾಟಿಯಾಗಿ, ಇನ್ನೂ ಮಂಡಿಗೆ ಬಾರದೆ ನೆಲದಲ್ಲಿ ನಿಂತಿರುವ ಬೆಳೆಯ ಅಂಕಣವದು.

ಆ ಅಂಕಣ ಬರಹದ ರೂಪದಲ್ಲಿ ಎಲ್ಲಿಯೂ ಇಲ್ಲವೇ ಎಂದು ಯೋಚಿಸುತ್ತಿರುವಾಗಲೇ, ಚಿಕ್ಕಮ್ಮನ ಮಗನಾದ ಆ ತಮ್ಮನೊಡನೆ ಒಂದು ನರ್ಸರಿಗೆ ಹೋಗುವ ಸಂದರ್ಭ ಬಂತು. ನೆರಳು ಪರದೆಯ ಕೆಳಗೆ, 98 ಗುಳಿಗಳ ಕಪ್ಪು ಟ್ರೇಗಳಲ್ಲಿ ಬೆರಳುದ್ದದ ಸಸಿಗಳು ತೆಂಗಿನ ನಾರಿನ ಪುಡಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಮಾಲೀಕರ ಮೇಜಿನ ಮೇಲೆ ಉದ್ದನೆಯ ರಟ್ಟಿನ ನೋಟ್‌ಬುಕ್ ಇತ್ತು: ಊರಿನ ಹೆಸರು, ತಳಿ, ಎಷ್ಟು ಸಸಿ, ಮುಂಗಡ ಎಷ್ಟು, ಯಾವ ತಾರೀಖಿಗೆ ಕೊಡಬೇಕು. ನನ್ನ ತಮ್ಮ ಸಸಿ ಕೇಳಿದಾಗ ಮಾಲೀಕರು ಪುಟ ತಿರುವುತ್ತಾ, "ಈಗ ಎಲ್ಲಾ ಬುಕ್ ಆಗೋಗಿದೆ ಕಣಣ್ಣ, ಮುಂದಿನ ತಿಂಗಳು ಹತ್ತನೇ ತಾರೀಖಿನ ಮೇಲೆ ಕೊಡ್ತೀನಿ" ಎಂದರು. ಮಂಡಿಯಲ್ಲಿ ಆಗ ಒಳ್ಳೆಯ ಬೆಲೆ ಇತ್ತು. ಮೂರು ತಿಂಗಳ ನಂತರ ಮಂಡಿಗೆ ಎಷ್ಟು ಹಣ್ಣು ಬರಲಿದೆ ಎಂಬುದರ ಒಂದು ಭಾಗ ಆ ನೋಟ್‌ಬುಕ್ಕಿನಲ್ಲಿ ನೀಲಿ ಶಾಯಿಯಲ್ಲಿ ಬರೆದಿತ್ತು. ಆ ಪುಟವನ್ನು ಓದಿದವರು ಮಾಲೀಕರೊಬ್ಬರೇ, ಅವರಿಗೆ ಬೇಕಾಗಿದ್ದುದು ತಾರೀಖು ಮಾತ್ರ. ಅಲ್ಲಿ ಸಸಿ ಸಿಗಲಿಲ್ಲವೆಂದರೆ ಇನ್ನಷ್ಟು ತಡವಾಗಿಯಾದರೂ ಬೇರೆ ಕಡೆ ತಂದು ಹಾಕಲು ಹೊರಟವನಿಗೆ, ಸಸಿ ಸಿಗದಿರುವುದೇ ಬಹು ದೊಡ್ಡ ಸೂಚನೆಯೆಂದು ಹೇಳುವವರು ಯಾರೂ ಇರಲಿಲ್ಲ. ನಾನು ಹೇಳಿದೆ, ಅವನು ಕೇಳಿಸಿಕೊಂಡ, ಒಂದಷ್ಟು ಜಾಗದಲ್ಲಿ ಬೀನ್ಸ್ ಹಾಕಿದ.

ಕೈಸೇರಲು ಹೊರಟಿರುವ ಸರಕನ್ನು ಲೆಕ್ಕಕ್ಕೆ ಹಿಡಿಯದಿರುವುದು ರೈತರಿಗೆ ಮಾತ್ರ ಅಂಟಿದ ದೋಷವಲ್ಲ. ಎಂಐಟಿಯಲ್ಲಿ ರೂಪುಗೊಂಡ ಬಿಯರ್ ಸರಬರಾಜಿನ ಆಟವೊಂದಿದೆ. ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂದು ನಾಲ್ವರು ಕುಳಿತು ಆಡುತ್ತಾರೆ. ಜಾನ್ ಸ್ಟರ್ಮನ್ 1989ರಲ್ಲಿ ಆ ಆಟದ ದಾಖಲೆಗಳನ್ನು ವಿಶ್ಲೇಷಿಸಿ, ಆಟಗಾರರು ತಾವು ಆರ್ಡರ್ ಕೊಟ್ಟು ಇನ್ನೂ ಬರಬೇಕಾಗಿರುವ ಸರಕಿಗೆ ಕೊಡಬೇಕಾದಷ್ಟು ಮಹತ್ವವನ್ನು ಕೊಡುವುದಿಲ್ಲ, ಅದರಿಂದಲೇ ದಾಸ್ತಾನು ಹುಚ್ಚಾಪಟ್ಟೆ ಏರಿಳಿಯುತ್ತದೆ ಎಂದು ತೋರಿಸಿದರು. ಅಲ್ಲಿ ಆಟಗಾರನಿಗೆ ತಾನೇ ಕೊಟ್ಟ ಆರ್ಡರ್ ಗೊತ್ತಿರುತ್ತದೆ. ನಮ್ಮ ಬೆಳೆಗಾರನಿಗೆ ಪಕ್ಕದ ತಾಲ್ಲೂಕಿನವರು ಏನು ನೆಟ್ಟಿದ್ದಾರೆ ಎಂಬುದು ತಿಳಿಯುವ ಉಪಾಯವೇ ಇಲ್ಲ. ಅವನ ಸ್ಥಿತಿ ಆ ಆಟಗಾರರಿಗಿಂತ ಕಷ್ಟದ್ದು.

ಅನುಭವಿ ರೈತರಿಗೆ ಈ ಚಕ್ರ ತಿಳಿಯದೇ ಎಂದು ಯಾರಾದರೂ ಕೇಳಬಹುದು. 1961ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮ್ಯೂತ್ ಎತ್ತಿದ ಆಕ್ಷೇಪಣೆ ಹೆಚ್ಚುಕಡಿಮೆ ಇದೇ: ಜನ ಅಷ್ಟು ವ್ಯವಸ್ಥಿತವಾಗಿ ಎಡವುತ್ತಲೇ ಇರುವುದಿಲ್ಲ, ಕಲಿಯುತ್ತಾರೆ. ನಮ್ಮ ರೈತರಿಗೂ ಈ ಚಕ್ರ ತಿಳಿದೇ ಇದೆ. ಎಲ್ಲರೂ ಹಾಕುವಾಗ ಹಾಕಬಾರದು ಎಂಬ ಮಾತನ್ನು ಆ ಕಡೆಯ ಹಿರಿಯರು ಸದಾ ಹೇಳುತ್ತಾರೆ. ಆದರೆ ಎಲ್ಲರೂ ಹಾಕುತ್ತಿದ್ದಾರೆಯೇ ಇಲ್ಲವೇ ಎಂಬುದು ಹಾಕುವ ದಿನ ಗೊತ್ತಾಗುವುದಿಲ್ಲ. ಜೊತೆಗೆ, ಗುತ್ತಿಗೆಗೆ ಹಿಡಿದ ಹೊಲ, ಸಾವಿರ ಅಡಿಗೂ ಆಳಕ್ಕೆ ಕೊರೆಸಿದ ಬೋರ್‌ವೆಲ್ಲಿನ ಸಾಲ, ಡ್ರಿಪ್ಪು, ಮಲ್ಚಿಂಗ್ ಶೀಟು, ಗಿಡಕ್ಕೆ ಕಟ್ಟುವ ಕಡ್ಡಿ ಇಷ್ಟಕ್ಕೂ ಹಣ ಸುರಿದವನು ನೀರಿರುವ ತಿಂಗಳುಗಳಲ್ಲಿ ನೆಲವನ್ನು ಖಾಲಿ ಬಿಡಲಾರ. ಒಂದು ಸಲ ಒಳ್ಳೆಯ ಬೆಲೆ ಸಿಕ್ಕರೆ ಹಿಂದಿನ ಸಾಲವೆಲ್ಲ ತೀರುವ ಬೆಳೆ ಇದು. ಹಾಗಿರುವಾಗ ಸರಾಸರಿ ಬೆಲೆಯನ್ನು ನೋಡಿ ನಿಧಾನವಾಗಿ ನಡೆ ಎಂದು ಸಾಲಗಾರನಿಗೆ ಉಪದೇಶಿಸುವುದು ಸರಿಯಲ್ಲ. ತಪ್ಪು ಅವನ ತೀರ್ಮಾನದಲ್ಲಿಲ್ಲ, ಆ ತೀರ್ಮಾನಕ್ಕೆ ಒದಗುವ ಮಾಹಿತಿಯಲ್ಲಿದೆ.

ಈ ಮಾತನ್ನು ಮಾದರಿಯಲ್ಲೂ ಪರೀಕ್ಷಿಸಬಹುದು. ನೆಲದಲ್ಲಿರುವ ಬೆಳೆಯ ಅಂದಾಜು ಸಿಕ್ಕರೆ ಬೆಳೆಗಾರರ ನಿರೀಕ್ಷೆ ಇಂದಿನ ಬೆಲೆಗೂ ಮಾಮೂಲಿ ಬೆಲೆಗೂ ನಡುವೆ ಬಂದು ನಿಲ್ಲುತ್ತದೆ ಎಂದುಕೊಳ್ಳೋಣ. ಅದೇ ಆಘಾತಕ್ಕೆ ಆಗ ಬೆಲೆ 720, 272, 451, 380 ಎಂದು ಸಾಗಿ, ಒಂದು ವರ್ಷದೊಳಗೆ ಬಹುಪಾಲು ಶಾಂತವಾಗುತ್ತದೆ. ಮೊದಲ ಏರಿಕೆ ತಪ್ಪಲಿಲ್ಲ, ರೋಗ ರೋಗವೇ. ಅದರ ಬೆನ್ನಿಗೆ ಬರುತ್ತಿದ್ದ ಕುಸಿತ ಮಾತ್ರ ಅರ್ಧವಾಯಿತು.

ಸರ್ಕಾರದ ಹಸ್ತಕ್ಷೇಪವನ್ನೂ ಹೀಗೆಯೇ ನೋಡಬಹುದು. 2023ರ ಜುಲೈ ಮಧ್ಯದಲ್ಲಿ ಕೇಂದ್ರ ಸರ್ಕಾರವು ಸಹಕಾರಿ ಸಂಸ್ಥೆಗಳ ಮೂಲಕ ದೆಹಲಿ ಮೊದಲಾದ ಕಡೆ ಕಿಲೋಗೆ 90 ರೂಪಾಯಿಯಂತೆ ಟೊಮೆಟೊ ಮಾರಿಸಲು ಆರಂಭಿಸಿತು. ಆಗಸ್ಟ್‌ನಲ್ಲಿ ನೇಪಾಳದಿಂದ ಆಮದು ಮಾಡಿಕೊಳ್ಳುವುದಾಗಿ ಹಣಕಾಸು ಸಚಿವೆ ಸಂಸತ್ತಿನಲ್ಲಿ ಹೇಳಿದರು. ನನ್ನ ಮೊದಲ ಮಾದರಿಯಲ್ಲಿ ಕೊರತೆಯ ಹೊತ್ತಿಗೇ 10ರಷ್ಟು ಹೊರಗಿನ ಸರಕು ಬಂದರೆ ಬೆಲೆ 720ರ ಬದಲು 560ಕ್ಕೆ ನಿಲ್ಲುತ್ತದೆ. ಅದನ್ನು ನೋಡಿ ನಾಟಿ ಮಾಡುವವರೂ ಕಡಿಮೆಯಾಗಿ, ಮುಂದಿನ ಬೆಲೆ 144ರ ಬದಲು 272 ಆಗುತ್ತದೆ. ಗ್ರಾಹಕನಿಗೂ ಬೆಳೆಗಾರನಿಗೂ ಒಟ್ಟಿಗೆ ಅನುಕೂಲ. ಅದೇ 10 ಒಂದು ಹೆಜ್ಜೆ ತಡವಾಗಿ ಬಂದರೆ 116ರ ಮೇಲೆ ಸೇರಿ 126 ಆಗುತ್ತದೆ, ಹಣ್ಣನ್ನು ಕೇಳುವವರೇ ಇರುವುದಿಲ್ಲ. ಆ ವರ್ಷ ನೇಪಾಳದಿಂದ ಬಂದ ಸರಕೇ ಸೆಪ್ಟೆಂಬರಿನ ಕುಸಿತಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ, ಜುಲೈನ ಬೆಲೆಯನ್ನು ಕಂಡು ನಾಟಿಯಾದ ಬೆಳೆಗಳೂ ದಾರಿಯಲ್ಲಿದ್ದವು. ನಾನು ಹೇಳುತ್ತಿರುವುದು ಇಷ್ಟು: ಕೊರತೆ ಎಂದು ಪತ್ರಿಕೆಯ ಮುಖಪುಟದಲ್ಲಿ ಬರುವ ಹೊತ್ತಿಗೆ ಅದರ ಪರಿಹಾರ ಹೊಲದಲ್ಲಿ ಹೂಬಿಟ್ಟು ನಿಂತಿರುತ್ತದೆ. ಆಗ ತೆಗೆದುಕೊಳ್ಳುವ ಯಾವ ಕ್ರಮಕ್ಕೂ ಆ ಹೂವುಗಳ ಲೆಕ್ಕ ಗೊತ್ತಿರಬೇಕು.

ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಳಿಗಾಗಿ 2018-19ರ ಕೇಂದ್ರ ಬಜೆಟ್ಟಿನಲ್ಲಿ 500 ಕೋಟಿ ರೂಪಾಯಿಯ ಆಪರೇಷನ್ ಗ್ರೀನ್ಸ್ ಘೋಷಣೆಯಾದಾಗಿನಿಂದ ಸಂಗ್ರಹಣೆ, ಸಾಗಣೆ, ಸಂಸ್ಕರಣೆಗಳ ಬಗ್ಗೆ ಮಾತು ಕೇಳುತ್ತಲೇ ಇದ್ದೇವೆ. ಅವೆಲ್ಲ ಬೇಕು. ಆದರೆ ಹಣ್ಣಾದ ಟೊಮೆಟೊವನ್ನು ತಿಂಗಳುಗಟ್ಟಲೆ ಇಡಲಾಗದು, ಕೆಚಪ್ಪಿನ ಕಾರ್ಖಾನೆಗೆ ಬೇಕಾದ ತಳಿಯೂ ಬೇರೆ. ಅವುಗಳಿಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ ನನ್ನ ಪ್ರಕಾರ ಸಸಿಗಳ ಲೆಕ್ಕ. ಪ್ರತಿ ನರ್ಸರಿಯಿಂದ ಆ ವಾರ ಎಷ್ಟು ಟೊಮೆಟೊ ಸಸಿ ಹೊರಟಿತು, ಮುಂದಿನ ವಾರಗಳಿಗೆ ಎಷ್ಟು ಬುಕ್ ಆಗಿದೆ ಎಂಬ ಎರಡೇ ಅಂಕಿಗಳನ್ನು ಹೆಸರು ವಿಳಾಸಗಳಿಲ್ಲದೆ ಒಟ್ಟುಗೂಡಿಸಿ, ಹಿಂದಿನ ವರ್ಷದ ಅದೇ ವಾರದ ಅಂಕಿಯ ಪಕ್ಕದಲ್ಲಿಟ್ಟು, ಮಂಡಿಯ ದರಪಟ್ಟಿಯ ಕೆಳಗೇ ಪ್ರಕಟಿಸಿದರೆ ಸಾಕು. ಬೆಳೆಗಾರರು ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ನೋಡುವುದು ದರಪಟ್ಟಿಯನ್ನೇ ಆದ್ದರಿಂದ ಹೊಸ ಆ್ಯಪ್ ಏನೂ ಬೇಕಿಲ್ಲ. ಕೋಲಾರದ ಹಣ್ಣು ಹೊರ ರಾಜ್ಯಗಳ ಮಾರುಕಟ್ಟೆಗಳಲ್ಲಿ ಆಂಧ್ರದ ಮದನಪಲ್ಲಿ, ಮಹಾರಾಷ್ಟ್ರದ ನಾರಾಯಣಗಾಂವ್ ಕಡೆಯ ಹಣ್ಣಿನೊಂದಿಗೆ ಸ್ಪರ್ಧಿಸುವುದರಿಂದ ಒಂದೇ ಜಿಲ್ಲೆಯ ಸಸಿಯ ಲೆಕ್ಕ ಅರ್ಧ ಚಿತ್ರವನ್ನಷ್ಟೇ ಕೊಡುತ್ತದೆ. ಆ ಎರಡು ಕಡೆಯ ಅಂಕಿಗಳೂ ಅದೇ ಪಟ್ಟಿಯಲ್ಲಿ, ಅದೇ ವಾರ ಬರಬೇಕು.