ನಾಲ್ಕೂ ಪ್ಲಗ್ ಒಂದೇ ಅಲ್ಲ

ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗಳಲ್ಲಿ ಬೈಕಿಗೂ ಮಾರುತಿ ಕಾರಿಗೂ ಸ್ಪಾರ್ಕ್ ಪ್ಲಗ್ (ಎಂಜಿನ್‌ನಲ್ಲಿ ಕಿಡಿ ಹಾರಿಸುವುದು) ಕೊಂಡು ಹಾಕಿ ಅಭ್ಯಾಸ ಇರುವ ನನಗೆ, ದುಬೈನಲ್ಲಿರುವ ಚಿಕ್ಕಪ್ಪನ ಮಗ ಫೋನ್ ಮಾಡಿ ತನ್ನ ಮಾಜ್ದಾ ಆರ್‌ಎಕ್ಸ್-8ಕ್ಕೆ ಯಾವ ಪ್ಲಗ್ ತರಲಿ ಅಂತ ಕೇಳಿದ. ಅಂಗಡಿಯವನು ನಾಲ್ಕೂ ಒಂದೇ ಥರದ್ದು ಕೊಟ್ಟಿದ್ದನಂತೆ. ಹಾಕಬೇಡ ಕಣೋ ಅಂದೆ.

ಆ ಕಾರಿನದು ರೋಟರಿ ಎಂಜಿನ್. ಅದರಲ್ಲಿ ಪಿಸ್ಟನ್ ಇಲ್ಲ, ತ್ರಿಕೋನದ ರೋಟರ್ ತಿರುಗುತ್ತದೆ. ಈ ಕಾರಿನಲ್ಲಿ ಎರಡು ರೋಟರ್, ಒಂದೊಂದಕ್ಕೂ ಎರಡು ಪ್ಲಗ್. ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಎನ್‌ಜಿಕೆ ಕಂಪನಿಯ ಪ್ಲಗ್‌ಗಳಲ್ಲಿ ಲೀಡಿಂಗ್‌ಗೆ ಆರ್‌ಇ7ಸಿ-ಎಲ್, ಟ್ರೇಲಿಂಗ್‌ಗೆ ಆರ್‌ಇ9ಬಿ-ಟಿ. ಆ 7, 9 ಸುಮ್ನೆ ಅಲ್ಲ. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಷ್ಟು ಪ್ಲಗ್ ಕೋಲ್ಡ್, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ.

ಈ ಪ್ಲಗ್‌ಗಳ ಪಾಡು ನೋಡಿದರೆ ನಿಜಕ್ಕೂ ಅಯ್ಯೋ ಅನ್ನಿಸುತ್ತದೆ. ಮಾಮೂಲಿ ಎಂಜಿನ್‌ನಲ್ಲಿ ಹೊಸ ಗಾಳಿ, ಪೆಟ್ರೋಲ್ ಒಳಗೆ ಬಂದಾಗ ಪ್ಲಗ್ ಸ್ವಲ್ಪ ತಣ್ಣಗಾಗುತ್ತದೆ, ಆದರೆ ಇಲ್ಲಿ ಅದು ಬರುವ ಜಾಗವೇ ಬೇರೆ, ಹಾಗಾಗಿ ಪ್ಲಗ್ ಯಾವಾಗಲೂ ಬೆಂಕಿಯ ಹತ್ತಿರವೇ ಕೂತಿರುತ್ತದೆ. ಮೇಲಾಗಿ ರೋಟರ್‌ನ ಸೀಲ್‌ಗಳು (ಗ್ಯಾಸ್ ಸೋರದಂತೆ ತಡೆಯುವ ಪಟ್ಟಿಗಳು) ಸವೆಯದಿರಲೆಂದು ಬಿಡುವ ಆಯಿಲ್ ಕೂಡ ಒಳಗೇ ಉರಿದು ಮಸಿ ಕಟ್ಟುತ್ತದೆ. ರೋಟರ್ ತುದಿಯ ಸೀಲ್ ಪ್ಲಗ್ ಮುಂದೆಯೇ ಉಜ್ಜಿಕೊಂಡು ಹೋಗುವುದರಿಂದ ಪ್ಲಗ್ ಒಳಕ್ಕೆ ಚೂರೂ ಚಾಚಬಾರದು. ಅಳತೆ ತಪ್ಪಿದರೆ ಎಂಜಿನ್ನೇ ಹೋಗುತ್ತದೆ, ಅಲ್ವಾ?

ದುಡ್ಡು ಜಾಸ್ತಿ ಆದರೂ ಸರಿಯಾದದ್ದೇ ಎರಡೆರಡು ತಗೋ, ಬಿಚ್ಚುವಾಗ ವೈರ್‌ಗಳಿಗೆ ಗುರುತು ಹಾಕಿಕೋ ಅಂದೆ. ನಿನ್ನೆ ಹಾಕಿಸಿದ್ದಾನೆ. ಸ್ಟಾರ್ಟ್ ಮಾಡಿ ಫೋನಿನಲ್ಲೇ ಸದ್ದು ಕೇಳಿಸಿದ.