ವರ್ಷಕ್ಕೊಮ್ಮೆ ಹಣ ಕಾಣುವವರಿಗೆ ಕಂತು ಹೊಂದಿಸುವುದು

ಹಣಕಾಸು ಯೋಜನೆಗಳನ್ನು ಮಾರುವವರಿಗೆ ಕೊಡುವ ತರಬೇತಿಯಲ್ಲಿ, ಗ್ರಾಹಕನೆಂದರೆ ತಿಂಗಳ ಮೊದಲ ವಾರ ಸಂಬಳ ಪಡೆಯುವವನು ಎಂಬ ಗ್ರಹಿಕೆ ಎಲ್ಲ ಲೆಕ್ಕಾಚಾರಗಳ ಹಿಂದೆಯೂ ಇರುತ್ತದೆ. ಚಿಕ್ಕಮಗಳೂರಿನ ಬ್ಯಾಂಕ್ ಶಾಖೆಯೊಂದರಲ್ಲಿ ರಿಲೇಶನ್‌ಶಿಪ್ ಮ್ಯಾನೇಜರ್ ಆಗಿರುವ ನನ್ನ ಮುಂದೆ ಬಂದು ಕೂರುವವರಲ್ಲಿ ಅನೇಕರಿಗೆ ಅಂಥ ಮೊದಲ ವಾರವೇ ಇಲ್ಲ. ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಕಾಫಿ ಬೆಳೆಗಾರರಿಗೆ ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ ನಡೆಯುತ್ತದೆ, ಅದರ ಬೆನ್ನಿಗೇ ರೋಬಸ್ಟಾ ಬರುತ್ತದೆ. ಕಣದಲ್ಲಿ ಸಿಪ್ಪೆಸಹಿತ ಒಣಗಿದ ಚೆರಿಯನ್ನೋ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟನ್ನೋ ಐವತ್ತು ಕಿಲೋ ಚೀಲದ ಲೆಕ್ಕದಲ್ಲಿ ಮಾರಿ ಬಂದ ಹಣದಲ್ಲಿಯೇ ಬೆಳೆಸಾಲ ಕಟ್ಟಿ, ಕೂಲಿ ಮತ್ತು ಗೊಬ್ಬರಕ್ಕೆ ತೆಗೆದಿಟ್ಟು, ಮುಂದಿನ ಕೊಯ್ಲಿನವರೆಗೆ ಸಂಸಾರ ನಡೆಸಬೇಕು. ನಡುವೆ ಕೈಗೆ ಕಾಸು ಬೇಕಾದರೆ ಕೂಡಿಟ್ಟ ಕಾಳುಮೆಣಸಿನ ಚೀಲವೊಂದು ಪೇಟೆಗೆ ಬರುತ್ತದೆ.

ಈ ಖಾತೆಗಳಲ್ಲಿ ಹಣ ತುಂಬುವ ಹೊತ್ತೂ ನಮ್ಮ ಶಾಖೆಯ ವಾರ್ಷಿಕ ಗುರಿ ಮುಗಿಯುವ ಹೊತ್ತೂ ಒಂದೇ, ಅಂದರೆ ಮಾರ್ಚ್. ಈ ಉದ್ಯೋಗದ ದೊಡ್ಡ ಅಪಾಯ ಇರುವುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ. 2025ರ ಆರಂಭದಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗ, ಆ ವರ್ಷದ ಆದಾಯವನ್ನೇ ಅಳತೆಯಾಗಿ ಹಿಡಿದು ಪ್ರತಿವರ್ಷವೂ ಕಟ್ಟಬೇಕಾದ ದೊಡ್ಡ ಕಂತಿನ ಜೀವವಿಮೆ ಮಾರುವುದು ಬಹಳ ಸುಲಭವಾಗಿತ್ತು. ಮೊದಲ ವರ್ಷದ ಕಮಿಷನ್ ನಂತರದ ವರ್ಷಗಳದಕ್ಕಿಂತ ಬಹಳ ಹೆಚ್ಚಿರುವುದರಿಂದ ಮಾರುವವರಿಗೆ ಎರಡನೆಯ ವರ್ಷದ ಚಿಂತೆ ಕಡಿಮೆ. ಆದ್ದರಿಂದ ನಾನು ಅರ್ಜಿ ಬರೆಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: "ಗೌಡ್ರೇ, ರೇಟು ಅರ್ಧಕ್ಕೆ ಇಳಿದು, ಮಳೆಗೆ ಕಾಯಿ ಉದುರಿದ ವರ್ಷವೂ ಇಷ್ಟು ಕಟ್ಟೋಕಾಗುತ್ತಾ?" 2018 ಮತ್ತು 2019ರ ಆಗಸ್ಟ್ ಮಳೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅವರೇ ಮೊತ್ತವನ್ನು ಇಳಿಸುತ್ತಾರೆ.

ಮೊತ್ತದಷ್ಟೇ ಮುಖ್ಯವಾದದ್ದು ಪಾಲಿಸಿ ಆರಂಭವಾಗುವ ತಿಂಗಳು. ಬಿಡುಗಡೆಯಾದ ಠೇವಣಿಯೊಂದರ ಹಣದಿಂದ ನವೆಂಬರ್‌ನಲ್ಲಿ ಪಾಲಿಸಿ ಮಾಡಿಸಿದರೆ, ಮುಂದಿನ ಕಂತು ಬರುವುದು ಕೊಯ್ಲಿನ ಕೂಲಿ ಏರುತ್ತಿರುವ, ಒಂದು ಚೀಲವೂ ಮಾರಾಟವಾಗದ ಮುಂದಿನ ನವೆಂಬರ್‌ನಲ್ಲಿ. ವಾರ್ಷಿಕ ಕಂತಿಗೆ ಸಿಗುವ 30 ದಿನಗಳ ಹೆಚ್ಚುವರಿ ಅವಧಿ ಇಂಥವರಿಗೆ ಸಾಲುವುದಿಲ್ಲ. ಹದಿಮೂರನೆಯ ತಿಂಗಳಿಗೂ ಎಷ್ಟು ಪಾಲಿಸಿಗಳು ಉಳಿದಿವೆ ಎಂಬುದನ್ನು ವಿಮಾ ಕಂಪನಿಗಳು ಅಳೆಯುತ್ತವೆ. ಆದರೆ ಬಿಟ್ಟುಹೋದದ್ದು ಏಕೆ ಎಂದು ತೋಟದ ಕಾಲಮಾನವನ್ನು ನೋಡಿ ಯೋಚಿಸಿದವರನ್ನು ನಾನು ಹೆಚ್ಚು ಕಂಡಿಲ್ಲ.

ತೆರಿಗೆ ಉಳಿಸುವ ಮಾತೂ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಕ್ಯೂರಿಂಗ್ (ಒಣ ಕಾಫಿಯ ಹೊಟ್ಟು ತೆಗೆದು ಬೀಜ ವಿಂಗಡಿಸುವುದು) ಮಾಡಿಸದೆ ಕಾಫಿ ಮಾರುವವರ ಆದಾಯ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ತಾವೇ ಬೆಳೆದು ಕ್ಯೂರಿಂಗ್ ಮಾಡಿ ಮಾರುವವರಿಗೆ 1962ರ ಆದಾಯ ತೆರಿಗೆ ನಿಯಮಗಳ 7ಬಿ ನಿಯಮವು ಶೇ. 25 ಭಾಗವನ್ನು ಮಾತ್ರ ವ್ಯಾಪಾರದ ಆದಾಯವೆಂದು ಪರಿಗಣಿಸಿತ್ತು. ಬೆಂಗಳೂರಿನಿಂದ ಸಿದ್ಧವಾಗಿ ಬರುವ ಮಾರಾಟದ ಮಾತುಗಳಲ್ಲಿ ಇದರ ಸುಳಿವೂ ಇರುವುದಿಲ್ಲ.

ಮ್ಯೂಚುವಲ್ ಫಂಡ್ ಕೇಳಿ ಬಂದವರಿಗೆ ಪ್ರತಿ ತಿಂಗಳೂ ನಿಗದಿತ ಮೊತ್ತ ಹೂಡುವ ಎಸ್‌ಐಪಿಗಿಂತ, ಕೊಯ್ಲಿನ ಹಣದಲ್ಲಿ ವರ್ಷದ ಖರ್ಚಿಗೆ ಬೇಡವಾದ ಪಾಲನ್ನು ಅಲ್ಪಾವಧಿ ಸಾಲಪತ್ರಗಳಲ್ಲಿ ಹೂಡುವ ಲಿಕ್ವಿಡ್ ಫಂಡಿನಲ್ಲಿಟ್ಟು, ಅಲ್ಲಿಂದ ತಿಂಗಳು ತಿಂಗಳು ಷೇರುಗಳಲ್ಲಿ ಹೂಡುವ ಈಕ್ವಿಟಿ ಫಂಡಿಗೆ ವರ್ಗಾಯಿಸುವ ಎಸ್‌ಟಿಪಿ ಹೊಂದುತ್ತದೆ. ಹಣ ಹಾಕಿದ ಏಳನೆಯ ದಿನದಿಂದ ಲಿಕ್ವಿಡ್ ಫಂಡಿಗೆ ನಿರ್ಗಮನ ಶುಲ್ಕವಿಲ್ಲವಾದ್ದರಿಂದ ತುರ್ತಿಗೆ ಹಿಂಪಡೆಯಲೂ ಅಡ್ಡಿಯಿಲ್ಲ. ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದಲೇ ಇದೆ ಎಂಬುದನ್ನೂ ಹೇಳುತ್ತೇನೆ. ಹೇಗೂ ಬೆಂಗಳೂರಿನಲ್ಲಿರುವ ಮಗನೋ ಮಗಳೋ ಫೋನಿನಲ್ಲಿ ಅದನ್ನು ಹೇಳಿಯೇ ಹೇಳುತ್ತಾರೆ.

ಪಾಲಿಸಿ ಕೈಸೇರಿದ ದಿನದಿಂದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಅವಕಾಶ ಎಲ್ಲರಿಗೂ ಇದೆ. 2024ರವರೆಗೆ ಸಾಮಾನ್ಯವಾಗಿ 15 ದಿನಗಳಷ್ಟೇ ಇದ್ದವು. ಎಷ್ಟು ವರ್ಷ ಕಟ್ಟಬೇಕು, ಯಾವಾಗ ಎಷ್ಟು ಬರುತ್ತದೆ ಎಂಬುದನ್ನು ಮನೆಯವರೆಲ್ಲ ಕುಳಿತು ಓದಿ, ಒಪ್ಪಿಗೆಯಾಗದಿದ್ದರೆ ತಂದುಕೊಡಿ ಎನ್ನುತ್ತೇನೆ. ಕೆಲವರು ತಂದುಕೊಡುತ್ತಾರೆ. ಆ ಮೊತ್ತ ನನ್ನ ಗುರಿಯಿಂದ ಕಳೆದುಹೋಗುತ್ತದೆ, ಮೇಲಧಿಕಾರಿಗಳಿಗೆ ವಿವರಣೆಯನ್ನೂ ಬರೆಯಬೇಕಾಗುತ್ತದೆ.